ಬಂಗುಡೆ ಕಿವಿರಿನ ಹುಳು: ಗಾಬರಿ ಬೇಡ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ ಗುಂಪಿನಲ್ಲಿ ಓಡಾಡುತ್ತಿರುವ, ಬಂಗುಡೆ ಕಿವಿರಲ್ಲಿ ಹುಳು ಇರುವ ಆ ಫೋಟೋ ನೋಡಿ ಅರ್ಧ ಜನ ಭಾನುವಾರದ ಮೀನಿನ ಆರ್ಡರ್ ಕ್ಯಾನ್ಸಲ್ ಮಾಡಿದ್ದೀರಿ. ಸ್ವಲ್ಪ ತಡೆಯಿರಿ.

ಬೆಳಿಗ್ಗೆ ರಸೆಲ್ ಮಾರ್ಕೆಟ್‌ನಿಂದ ತಂದ ಬಂಗುಡೆಯ ಕಿವಿರನ್ನು ನಾನೇ ಬಿಳಿ ತಟ್ಟೆಯಲ್ಲಿ ನೀರು ಹಾಕಿ ಬಿಡಿಸಿ, ಮಗಳ ಭೂತಗನ್ನಡಿ ಹಿಡಿದು ನೋಡಿದೆ. ಕೆಂಪು ಎಳೆಗಳ ನಡುವೆ ಅಕ್ಕಿ ಕಾಳಿಗಿಂತ ಚಿಕ್ಕದಾದ, ಮಾಸಲು ಬಣ್ಣದ ಒಂದು ಚಪ್ಪಟೆ ಹುಳು ಅಂಟಿಕೊಂಡಿತ್ತು. ಚಮಚದ ತುದಿಯಿಂದ ಎಳೆದರೂ ಬಿಡಲಿಲ್ಲ!

ನೋಡಿದರೆ ಮೋನೋಜೀನಿಯನ್ ಅನ್ನೋ, ಮೀನಿಗೆ ಅಂಟಿಕೊಂಡು ಬದುಕುವ ಚಪ್ಪಟೆ ಹುಳುಗಳ ಗುಂಪಿನದು ಅನಿಸಿತು. ಇವುಗಳ ಬಾಲದ ಕಡೆ ಕೊಕ್ಕೆ ಇಲ್ಲವೇ ಬಟ್ಟೆ ಕ್ಲಿಪ್‌ನಂಥ ಹಿಡಿಕೆಗಳಿರುತ್ತವೆ. ಕೆಲವು ಲೋಳೆ ತಿನ್ನುತ್ತವೆ, ಕೆಲವು ರಕ್ತ ಹೀರುತ್ತವೆ. ಲಾಡಿಹುಳುವಿಗೆ ಬೇಕಾಗುವಂತೆ ಇವಕ್ಕೆ ನಡುವೆ ಇನ್ನೊಂದು ಪ್ರಾಣಿ ಬೇಕಿಲ್ಲ, ಮೊಟ್ಟೆಯಿಂದ ಹೊರಬಂದ ಮರಿ ಈಜಿಕೊಂಡು ಹೋಗಿ ನೇರವಾಗಿ ಮೀನನ್ನೇ ಹಿಡಿಯುತ್ತದೆ, ಅದೂ ಸಾಮಾನ್ಯವಾಗಿ ತನಗೆ ಒಗ್ಗುವ ಜಾತಿಯ ಮೀನನ್ನೇ. ನಾಜೂಕಯ್ಯ ಅಲ್ವಾ! ಮೆಡಿಟರೇನಿಯನ್ ಕಡೆ ಬಲೆಯಲ್ಲಿ ಸಾಕುವ ಸೀಬ್ರೀಮ್ ಮೀನಿಗೆ ಸ್ಪಾರಿಕೋಟೈಲ್ ಅನ್ನೋ ಇಂಥದ್ದೇ ಹುಳು ದೊಡ್ಡ ತಲೆನೋವು. ಅದರ ಮೊಟ್ಟೆಗಳ ದಾರ ಬಲೆಗೆ ಸುತ್ತಿಕೊಳ್ಳುತ್ತದೆ, ಮೀನಿಗೆ ರಕ್ತ ಕಡಿಮೆಯಾಗಿ ಕಿವಿರು ಬಿಳಿಚಿಕೊಳ್ಳುತ್ತದೆ.

ನಮಗೆ ಇವು ಹತ್ತುವುದಿಲ್ಲ. ಕಿವಿರನ್ನು ಹೇಗೂ ಕಿತ್ತು ಬೆಕ್ಕಿಗೆ ಹಾಕುತ್ತೇವೆ, ಉಳಿದದ್ದನ್ನು ಚೆನ್ನಾಗಿ ತೊಳೆದು ಬೇಯಿಸಿ. ಮೀನು ಕೆಟ್ಟ ವಾಸನೆ ಬಂದರೆ ಮಾತ್ರ ವಾಪಸ್ ಕೊಡಿ, ಸುಮ್ನೆ ತಪ್ಪನ್ನು ಹುಳುವಿನ ಮೇಲೆ ಹಾಕಬೇಡಿ.

ಕ್ಯಾನ್ಸಲ್ ಮಾಡಿದವರು ಮತ್ತೆ ಬೇಕಿದ್ದರೆ ಶನಿವಾರ ಸಂಜೆಯೊಳಗೆ ಹೇಳಿ.