‘ವಜಾ’ ಎಂದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ಮೀನು ಮಾರುವ ಜಾಗದಿಂದ ಎಬ್ಬಿಸಿದ್ದು, ಕಡಲಿಗಿಳಿಯುವ ಕಾಲುದಾರಿಗೆ ಬೇಲಿ ಹಾಕಿದ್ದು ಇಂಥ ಹಕ್ಕಿನ ವಿಷಯಗಳಲ್ಲಿ ಸ್ಥಳೀಯ ಅಧಿಕಾರಿಗಳ ಮೇಲೆ ಹೂಡಿದ ದಾವೆ ವಜಾ ಆದೊಡನೆ ನಮ್ಮ ಕರಾವಳಿಯ ಎಷ್ಟೋ ಕಕ್ಷಿದಾರರು ಕೈಚೆಲ್ಲುತ್ತಾರೆ. ಫೋನಿನಲ್ಲಿ ಕೇಳಿದ ‘ವಜಾ’ ಯಾವ ಬಗೆಯದು ಎಂದು ವಿಚಾರಿಸುವಷ್ಟರಲ್ಲಿ ಗಡುವು ದಾಟಿರುತ್ತದೆ.

ಗೈರುಹಾಜರಿಗಾಗಿ ವಜಾ ಆಗಿದ್ದರೆ ಮೇಲ್ಮನವಿ ಹಾಕುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 9ರಡಿ ದಾವೆಯನ್ನು ಮತ್ತೆ ತೆರೆಯುವಂತೆ ಅದೇ ಕೋರ್ಟಿಗೆ 30 ದಿನದೊಳಗೆ ಅರ್ಜಿ ಕೊಡಬೇಕು. ಗೈರಿಗೆ ಕಾರಣ ತೋರಿಸಬೇಕು; ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ಬಸ್ಸು ನಿಂತಿದ್ದರೆ ಆ ದಿನದ ಪತ್ರಿಕಾ ವರದಿಯನ್ನೂ ಅಫಿಡವಿಟ್ಟಿಗೆ ಲಗತ್ತಿಸಿ.

ದಾವೆ ಹೂಡುವಾಗ ಕೊಟ್ಟ ವಾದಪತ್ರವೇ ತಿರಸ್ಕೃತವಾಗಿದ್ದರೆ (ಆದೇಶ 7, ನಿಯಮ 11) ಅದು ಡಿಕ್ರಿಗೆ, ಅಂದರೆ ಕೋರ್ಟಿನ ಅಂತಿಮ ನಿರ್ಣಯಕ್ಕೆ, ಸಮ; ಕಲಂ 96ರಡಿ ಮೇಲ್ಮನವಿ ಉಂಟು. ತಹಶೀಲ್ದಾರರಂಥ ಸರ್ಕಾರಿ ಅಧಿಕಾರಿಗಳ ಮೇಲಿನ ದಾವೆ ಎಡವುವುದು ದಾವೆಗೆ ಮುಂಚೆ ಕೊಡಬೇಕಾದ ಕಲಂ 80ರ ಎರಡು ತಿಂಗಳ ನೋಟಿಸಿನಲ್ಲಿ. ನೋಟಿಸು ಕೊಟ್ಟಿದ್ದು, ಅದರಲ್ಲಿ ಸಣ್ಣಪುಟ್ಟ ಲೋಪವಿದೆ ಎಂಬ ಕಾರಣಕ್ಕೆ ವಜಾ ಆಗಿದ್ದರೆ ಅಂಥ ಲೋಪಕ್ಕಾಗಿಯೇ ದಾವೆ ವಜಾ ಮಾಡುವಂತಿಲ್ಲ ಎನ್ನುವ 80(3)ನ್ನು ಹಿಡಿದು ಮೇಲ್ಮನವಿ ಹಾಕಿ. ನೋಟಿಸೇ ಕೊಟ್ಟಿರದಿದ್ದರೆ ಮೇಲ್ಮನವಿಗೆ ಹಣ ಸುರಿಯುವುದಕ್ಕಿಂತ, ಕಾಲಮಿತಿ ಉಳಿದಿದ್ದರೆ, ನೋಟಿಸು ಕೊಟ್ಟು ಹೊಸ ದಾವೆ ಹೂಡುವುದೇ ಮೇಲು. ನೋಟಿಸಿನ ಅವಧಿ ಕಾಲಮಿತಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪುರಸಭೆ, ಪಂಚಾಯಿತಿ ಎದುರಾಳಿಯಾಗಿದ್ದರೆ ಅವುಗಳ ಸ್ವಂತ ಕಾಯ್ದೆ ನೋಟಿಸಿನ ಬಗ್ಗೆ ಏನು ಹೇಳುತ್ತದೆಂದು ಮೊದಲೇ ನೋಡಿಕೊಳ್ಳಬೇಕು.

ಪೂರ್ತಿ ವಿಚಾರಣೆಯ ನಂತರ ಸೋತಿದ್ದರೆ ಜಿಲ್ಲೆಯೊಳಗಿನ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೈಕೋರ್ಟಿನ ಧಾರವಾಡ ಪೀಠ. ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟ ದಿನದಿಂದ ಅದು ಸಿದ್ಧವಾಗುವವರೆಗಿನ ದಿನಗಳನ್ನು ಈ ಗಡುವಿನ ಲೆಕ್ಕದಿಂದ ಬಿಡಲಾಗುತ್ತದೆ. ಅರ್ಜಿ ಕೊಡುವ ಮುಂಚೆ ಸುಮ್ಮನೆ ಕಳೆದ ದಿನಗಳಿಗಾಗಲೀ, ಸಿದ್ಧವಾದ ನಕಲು ನಕಲು ಶಾಖೆಯಲ್ಲೇ ಬಿದ್ದಿದ್ದ ದಿನಗಳಿಗಾಗಲೀ ಆ ರಿಯಾಯಿತಿ ಇಲ್ಲ. ಹಾಗಾಗಿ ತೀರ್ಪು ಬಂದ ದಿನವೇ ನಕಲು ಅರ್ಜಿ ಹೋಗಬೇಕು. ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿಯನ್ನು ಮೇಲ್ಮನವಿಯ ಜೊತೆಗೇ ಸಲ್ಲಿಸಿ. ‘ಅನಾರೋಗ್ಯವಿತ್ತು’ ಎಂದಷ್ಟೇ ಬರೆದರೆ ಸಾಲದು, ದಿನಾಂಕ ಸಮೇತ ವಿವರಿಸಬೇಕು.

ಬಹಳಷ್ಟು ಜನ ಮರೆಯುವ ಮಾತೊಂದಿದೆ. ಕೆಳಗಿನ ಕೋರ್ಟು ಕೊಟ್ಟಿದ್ದ ತಾತ್ಕಾಲಿಕ ತಡೆಯಾಜ್ಞೆ ದಾವೆಯೊಂದಿಗೇ ಮುಗಿಯುತ್ತದೆ. ಮೇಲ್ಮನವಿ ದಾಖಲಾದ ಮಾತ್ರಕ್ಕೆ ಅದು ಮತ್ತೆ ಜೀವ ಪಡೆಯುವುದಿಲ್ಲ. ಆದೇಶ 39ರಡಿ ಹೊಸ ಅರ್ಜಿಯನ್ನು ಅದೇ ದಿನ ಹಾಕದಿದ್ದರೆ ಮರುದಿನ ಬೆಳಿಗ್ಗೆ ಜೆಸಿಬಿ ಬಂದು ನಿಂತಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಮೇಲ್ಮನವಿಯ ಆಧಾರಗಳಲ್ಲಿ ಅನ್ಯಾಯದ ಕಥೆಯನ್ನು ಮತ್ತೆ ಹೇಳುವುದೂ ವ್ಯರ್ಥ. ಯಾವ ವಿವಾದಾಂಶಕ್ಕೆ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗೆ) ಯಾವ ದಾಖಲೆಯನ್ನು ಕೋರ್ಟು ಓದಲಿಲ್ಲ, ಯಾವ ಸಾಕ್ಷ್ಯವನ್ನು ಬಿಟ್ಟಿತು ಎಂದು ಬೊಟ್ಟು ಮಾಡಬೇಕು. ಸಾಕ್ಷ್ಯವನ್ನು ಮತ್ತೊಮ್ಮೆ ತೂಗುವುದು ಮೊದಲ ಮೇಲ್ಮನವಿಯಲ್ಲೇ. ಎರಡನೆಯದಕ್ಕೆ ಗಣನೀಯ ಕಾನೂನು ಪ್ರಶ್ನೆ ಬೇಕು.

ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಬುಟ್ಟಿ ಹೊತ್ತು ಬದುಕುವ ಮೀನುಗಾರ ಹೆಂಗಸರಿಗೆ ಇದನ್ನು ಯಾರೂ ಹೇಳದಿರುವುದು ನೋವಿನ ಸಂಗತಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿ ನ್ಯಾಯಾಲಯಗಳ ನಕಲು ಶಾಖೆಯ ಎದುರು ಈ ಗಡುವುಗಳನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದ ಫಲಕವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹಾಕಿಸಬೇಕೆಂದು ವಿನಂತಿ.

– ಒಬ್ಬ ವಕೀಲ, ಕುಮಟಾ