ಟ್ಯಾಂಕ್ ತೊಳೆದರೆ ಸಾಲದು, ಕೊನೆಯ ನಲ್ಲಿಯ ನೀರನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ನಮ್ಮ ಊರಿನ ಓವರ್‌ಹೆಡ್ ಟ್ಯಾಂಕಿನ ಕಂಬದ ಮೇಲೆ ‘ಸ್ವಚ್ಛಗೊಳಿಸಿದ ದಿನಾಂಕ’, ‘ಮುಂದೆ ಸ್ವಚ್ಛಗೊಳಿಸುವ ದಿನಾಂಕ’ ಎಂದು ಬಣ್ಣದಲ್ಲಿ ಬರೆಸಲಾಗಿದೆ. ಎರಡನೆಯ ದಿನಾಂಕ ಕಳೆದು ಎರಡು ತಿಂಗಳಾದರೂ ಮೊದಲನೆಯದು ಬದಲಾಗಿಲ್ಲ. ಅದು ಹೋಗಲಿ, ತೊಳೆದ ಟ್ಯಾಂಕಿನಿಂದಲೇ ಹೊರಟರೂ ಆ ನೀರು ಊರಾಚೆಯ ಕೊನೆಯ ಮನೆಯ ನಲ್ಲಿಯನ್ನು ಮುಟ್ಟುವ ಹೊತ್ತಿಗೆ ಕುಡಿಯಲು ಯೋಗ್ಯವಾಗಿ ಉಳಿದಿರುತ್ತದೆಯೇ ಎಂಬುದನ್ನು ಯಾರೂ ನೋಡುತ್ತಿಲ್ಲ ಎಂಬುದು ನನ್ನ ಆತಂಕ.

ರೋಗಾಣು ಕೊಲ್ಲಲು ಕ್ಲೋರಿನ್ ಹಾಕಿದ ನೀರಿನ ಪ್ರತಿ ಲೀಟರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಮತ್ತು ಅದನ್ನು ಬಳಕೆದಾರರ ತುದಿಯಲ್ಲೇ ಅಳೆಯಬೇಕು ಎಂದು ಕುಡಿಯುವ ನೀರಿನ ಭಾರತೀಯ ಮಾನಕ 10500 ಹೇಳುತ್ತದೆ. ನಮ್ಮಲ್ಲಿ ನಡೆಯುವುದು ಬೇರೆ. ನೀರುಗಂಟಿ ವಾರಕ್ಕೊಮ್ಮೆ ಬಾಯಿ ತೆರೆದ ಚೀಲದಿಂದ ಎರಡು ಬೊಗಸೆ ಬ್ಲೀಚಿಂಗ್ ಪೌಡರ್ ಸುರಿದು ಇಳಿಯುತ್ತಾರೆ. ಅವರನ್ನು ದೂರಿ ಫಲವಿಲ್ಲ, ಅವರಿಗೆ ಅಳತೆ ಹೇಳಿಕೊಟ್ಟವರಿಲ್ಲ. 50,000 ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 100 ಗ್ರಾಂ ಕ್ಲೋರಿನ್ ಬೇಕು. ಹೊಸ ಪೌಡರಿನಲ್ಲಿ ಕ್ಲೋರಿನ್ ಸುಮಾರು ಮೂರನೇ ಒಂದು ಭಾಗವಿರುವುದರಿಂದ 300 ಗ್ರಾಂ ಪೌಡರ್ ಸಾಕಾಗುತ್ತದೆ. ಆದರೆ ಗಾಳಿ, ತೇವ, ಬಿಸಿಲಿಗೆ ಬಿದ್ದ ಚೀಲದಲ್ಲಿ ಆ ಶಕ್ತಿ ತಿಂಗಳುಗಳಲ್ಲಿ ಅರ್ಧಕ್ಕಿಳಿದಿದ್ದರೆ ಅದೇ ಟ್ಯಾಂಕಿಗೆ 600 ಗ್ರಾಂ ಬೇಕಾಗುತ್ತದೆ. ಹಾಕಿದ ಮೇಲೆ ಅರ್ಧ ಗಂಟೆಯಾದರೂ ಕಾದು ನೀರು ಬಿಡಬೇಕು. ಕರೆಂಟ್ ಬಂದ ಹೊತ್ತಿಗೆ ಮೋಟಾರ್ ಓಡಿಸಿ, ತುಂಬುತ್ತಿರುವಾಗಲೇ ವಾಲ್ವ್ ತಿರುಗಿಸುವ ಊರಿನಲ್ಲಿ ಆ ಅರ್ಧ ಗಂಟೆ ಸಿಗುವುದಿಲ್ಲ.

ಇನ್ನು ಕೊಳವೆಗಳ ವಿಷಯ. ಒತ್ತಡ ಸಾಲದೆಂದು ಮನೆಯ ಮುಂದೆ ಗುಂಡಿ ತೋಡಿ ನಲ್ಲಿಯನ್ನು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿಕೊಂಡವರು ನಾವೇ, ಪೈಪಿಗೆ ನೇರವಾಗಿ ಮೋಟಾರ್ ಜೋಡಿಸಿದವರೂ ನಾವೇ. ನೀರು ನಿಂತಾಗ ಗುಂಡಿಯ ಕೊಳೆಯೂ, ಚರಂಡಿಯೊಳಗೆ ಹಾದ ಪೈಪಿನ ಬಿರುಕಿನಿಂದ ಗಲೀಜೂ ಒಳಗೆಳೆಯಲ್ಪಟ್ಟು, ಮರುದಿನದ ಮೊದಲ ಕೊಡದಲ್ಲಿ ಬರುತ್ತವೆ. ಟ್ಯಾಂಕಿನ ಬುಡದಲ್ಲಿ ತೆಗೆದ ಮಾದರಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ. 2023ರ ಆಗಸ್ಟ್‌ನಲ್ಲಿ ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಜೀವ ಕಳೆದುಕೊಂಡದ್ದನ್ನು ಈ ಪತ್ರಿಕೆಯ ಓದುಗರು ಮರೆತಿರಲಾರರು.

ಅರಸೀಕೆರೆ, ಕಡೂರಿನಂಥ ಬಯಲುಸೀಮೆಯ ಕೊಳವೆಬಾವಿಗಳಲ್ಲಿ, ಹೆಚ್ಚಾದರೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಎಂಬ ಲವಣದ ಚಿಂತೆಯೂ ಇದೆ. ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ವಿನಾಯಿತಿ ಇದೆ. ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದು ನಂಬಿರುವವರು ಇನ್ನೂ ಇದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ.

ಹಳ್ಳಿಗಳ ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆಯಾದ ಜಲಜೀವನ ಮಿಷನ್ 2019ರಲ್ಲಿ ಶುರುವಾದಾಗ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟು ಕಿಟ್ ಒದಗಿಸಬೇಕೆಂಬ ಏರ್ಪಾಡು ಮಾಡಲಾಗಿತ್ತು. ನಮ್ಮಲ್ಲಿ ಕಿಟ್ ಬಂದಿದೆ, ಕಚೇರಿಯ ಬೀರುವಿನಲ್ಲಿದೆ. ಅದರ ದ್ರಾವಣಗಳಿಗೂ ಅವಧಿ ಇರುತ್ತದೆ ಎಂಬುದು ಬೀರುವಿನ ಕೀಲಿ ಇಟ್ಟುಕೊಂಡವರಿಗೆ ಗೊತ್ತಿರಬೇಕು.

ಜಿಲ್ಲಾ ಪಂಚಾಯಿತಿಯವರಲ್ಲಿ ನನ್ನ ಕೋರಿಕೆ ಇಷ್ಟೆ. ಉಳಿದ ಕ್ಲೋರಿನ್ನನ್ನು ನೀರು ಬಿಟ್ಟ ದಿನಗಳಂದು ಕೊನೆಯ ನಲ್ಲಿಯಲ್ಲೇ ಅಳೆಯಲಿ. ಪ್ರಯೋಗಾಲಯದ ಮಾದರಿಯನ್ನೂ ಅಲ್ಲಿಂದಲೇ, ಮಳೆಗಾಲದ ಮುನ್ನ ಮತ್ತು ನಂತರ, ತೆಗೆಯಲಿ. ಬಂದ ಅಂಕಿಯನ್ನು, ಒಳ್ಳೆಯದಿರಲಿ ಕೆಟ್ಟದಿರಲಿ, ಕಡತದಲ್ಲಿ ಇಡದೆ ಅದೇ ಕಂಬದ ಮೇಲೆ ಅದೇ ಬಣ್ಣದಲ್ಲಿ ಬರೆಸಲಿ. ನೀರುಗಂಟಿಗೆ ಒಂದು ತಕ್ಕಡಿ ಮತ್ತು ಮುಚ್ಚಳವಿರುವ ಡ್ರಮ್ಮನ್ನು ಕೊಡಿಸುವುದಕ್ಕೆ ದೊಡ್ಡ ಅನುದಾನ ಕಾಯಬೇಕಾಗಿಲ್ಲ.

– ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ, ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ