ಗೆಳೆಯನಿಗೊಂದು ಪತ್ರ: ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ

ಪ್ರೀತಿಯ ಗೆಳೆಯಾ,

ದುರ್ಗದಿಂದ ನೀನು ಕಳಿಸಿದ್ದು ಒಂದೇ ಸಾಲು: "ಜನ ಇಷ್ಟು ಸಂಕಟದಲ್ಲಿರುವಾಗ ವೇದಿಯ ಬಟ್ಟೆಗೆ ಯಾವ ಬಣ್ಣ ಅಂತ ಯೋಚಿಸುತ್ತಾ ಕೂರುವುದು ಸರಿಯಾ?" ಸಭೆಯ ಪಂಚಾಂಗದಲ್ಲಿ ಕಾಲ ಬದಲಾದ ಹಾಗೆ ಆ ಬಟ್ಟೆಯ ಬಣ್ಣವೂ ಬದಲಾಗುತ್ತದೆ, ಅಂದರೆ ನಿನ್ನ ಪ್ರಶ್ನೆ ಇಡೀ ಪಂಚಾಂಗದ್ದೇ. ಫೋನಿನಲ್ಲಿ ಮುಗಿಯುವ ಮಾತಲ್ಲ ಇದು. ಇದೇ ಪ್ರಶ್ನೆ ಹೊತ್ತ ಸಭಾಪಾಲಕರು ಇನ್ನೂ ಇದ್ದಾರೆ, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಈಚಲ ಮುಳ್ಳಿನ ಪ್ರಕರಣ ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ಹಣೆಗೆ ಬೂದಿ ಹಚ್ಚಿ ಈಸ್ಟರಿಗೆ ಮುಂಚಿನ ಉಪವಾಸ ಶುರುಮಾಡುವ ಬೂದಿ ಬುಧವಾರ ಹತ್ತಿರ ಬಂತು, ಮೊದಲು ಅದನ್ನೇ ಹೇಳಿಬಿಡುತ್ತೇನೆ. ಹೋದ ವರ್ಷ ಗರಿಗಳ ಭಾನುವಾರ ಹಂಚಿದ ಗರಿಗಳನ್ನು ಈಗಲೇ ಮನೆಮನೆಯಿಂದ ವಾಪಸ್ ತರಿಸಿ ಎರಡು ದಿನ ಬಿಸಿಲಿಗೆ ಹಾಕು. ಹಸಿ ಉಳಿದರೆ ಹೊಗೆಯಾಡಿ ಇದ್ದಿಲಾಗುತ್ತದೆ, ಇದ್ದಿಲ ಚೂರು ಹಣೆ ಗೀರುತ್ತದೆ. ಕಬ್ಬಿಣದ ಬಾಂಡ್ಲಿಯಲ್ಲಿ ಸುಟ್ಟು, ಪೂರ್ತಿ ಆರಿದ ಮೇಲೆ ಅರೆದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿ. ಕಂತೆ ಎಷ್ಟೇ ದೊಡ್ಡದಿದ್ದರೂ ಸಿಗುವುದು ಹಿಡಿ ಬೂದಿ. ನೀರು ಮಾತ್ರ ಬೆರೆಸಬೇಡ. ಗಿಡದ ಬೂದಿಗೆ ನೀರು ಸೇರಿದರೆ ಕ್ಷಾರವಾಗಿ ಚರ್ಮ ಸುಡುತ್ತದೆ. ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ವಿಭೂತಿಯ ನಾಡು ನಮ್ಮದು, ಹಣೆಯ ಬೂದಿ ಏನು ಹೇಳುತ್ತದೆ ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಬುಧವಾರದಿಂದ ಈಸ್ಟರಿನ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಭಾನುವಾರಗಳು ಆರು, ಅವು ಉಪವಾಸದ ಲೆಕ್ಕಕ್ಕೆ ಬರುವುದಿಲ್ಲ, ಉಳಿದದ್ದು 40. ಯಾಕೆ ಬರುವುದಿಲ್ಲ ಅಂದರೆ ಪ್ರತಿ ಭಾನುವಾರವೂ ಪುನರುತ್ಥಾನದ ದಿನ. ಉಪವಾಸ ಮಾಡುವವರಿಗೆ ಇನ್ನೊಂದು ಮಾತು ಹೇಳು: ಬಿಟ್ಟ ಊಟದ ಬೆಲೆ ಕಾಣಿಕೆ ಡಬ್ಬಿಗೆ ಬೀಳದಿದ್ದರೆ ಅದು ಬರೀ ಪಥ್ಯ. ನಾಯಕನಹಟ್ಟಿಯ ತೇರು ಸಾಮಾನ್ಯವಾಗಿ ಈ ದಿನಗಳಲ್ಲೇ ಬರುತ್ತದೆ. ತಿಪ್ಪೇರುದ್ರಸ್ವಾಮಿಯ "ಮಾಡಿದಷ್ಟು ನೀಡು ಭಿಕ್ಷೆ" ಗೊತ್ತಿಲ್ಲದವರು ನಿನ್ನ ಜಿಲ್ಲೆಯಲ್ಲಿ ಯಾರಿದ್ದಾರೆ?

ಇನ್ನು ನಿನ್ನ ಪ್ರಶ್ನೆ. ಸಂಕಟಕ್ಕೂ ಸಭೆಯ ಪಂಚಾಂಗಕ್ಕೂ ಸಂಬಂಧವಿಲ್ಲ ಅಂತ ನಮಗೆ ಅನ್ನಿಸುವುದು ಆಗಮನ ಕಾಲವನ್ನು, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲವನ್ನು, ನಾವು ಕ್ರಿಸ್ಮಸ್ ಮಾಡಿಬಿಟ್ಟಿದ್ದರಿಂದ. ಯಾವ ಭಾನುವಾರ ಯಾವ ವಾಕ್ಯ ಓದಬೇಕು ಅಂತ ಹೇಳುವ ಬಹುಪಾಲು ಪಾಠಪಟ್ಟಿಗಳಲ್ಲಿ ಮೊದಲ ಭಾನುವಾರ ಗೋದಲಿಯ ಸುದ್ದಿಯೇ ಇಲ್ಲ, ಲೋಕ ನಡುಗುವುದು, ಎಚ್ಚರವಾಗಿರುವುದು, ಅಷ್ಟೇ. ಆಮೇಲೆ ಎರಡು ವಾರ ಅಡವಿಯಲ್ಲಿ ಕೂಗುವ ಸ್ನಾನಿಕ ಯೋಹಾನ. ಯೇಸುವಿನ ತಾಯಿ ಮರಿಯಳ ಮಾತು ಬರುವಾಗ ನಾಲ್ಕನೇ ವಾರ. ಹಬ್ಬದ ಮರುದಿನ, ಡಿಸೆಂಬರ್ 26ಕ್ಕೆ, ಕಲ್ಲೇಟು ತಿಂದು ಸತ್ತ ಸ್ತೆಫನ. 28ಕ್ಕೆ ಹೆರೋದ ಕೊಲ್ಲಿಸಿದ ಕೂಸುಗಳು. ಈ ಪಂಚಾಂಗ ಬರೆದವರು ಸಂಕಟ ಕಾಣದವರಲ್ಲ, ಗೆಳೆಯಾ.

2023ನ್ನು ನೆನಪಿಸಿಕೋ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಆ ವರ್ಷ ಕ್ರಿಸ್ಮಸ್ ಸೋಮವಾರ ಬಿದ್ದು ಆಗಮನ ಕಾಲ 22 ದಿನಕ್ಕೇ ಮುಗಿಯಿತು, ಅದಕ್ಕಿಂತ ಚಿಕ್ಕದಾಗುವುದೇ ಇಲ್ಲ. ನಾಲ್ಕನೇ ಭಾನುವಾರವೇ ಹಬ್ಬದ ಹಿಂದಿನ ದಿನ: ಬೆಳಿಗ್ಗೆ ವೇದಿಗೆ ಕಾಯುವ ಕಾಲದ ನೇರಳೆ ಬಟ್ಟೆ, ಸಂಜೆಗೆ ಹಬ್ಬದ ಬಿಳಿ. ಅಂಥ ವರ್ಷ ಬೆಳಿಗ್ಗೆಯ ನೇರಳೆಯನ್ನು ಬಿಡಬಾರದು. ಕಾಯುವುದು ಅಂದರೇನು ಅಂತ ಹಿರಿಯೂರಿನವರಿಗೆ ನಾವೇನು ಕಲಿಸುವುದು? 1933ರಲ್ಲಿ ಕೋಡಿ ಬಿದ್ದ ಅವರ ಮಾರಿಕಣಿವೆ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ಕೊರೊನಾದ 2020 ಇನ್ನೂ ಗಟ್ಟಿ ಉದಾಹರಣೆ. ಈಸ್ಟರ್ ಏಪ್ರಿಲ್ 12, ಈಸ್ಟರ್ ಕಾಲ ಮುಗಿಯುವ 50ನೇ ದಿನ, ಪಂಚಾಶತ್ತಮ, ಮೇ 31. ದೇವಾಲಯಗಳಿಗೆ ಬಾಗಿಲು ತೆರೆಯುವ ಅನುಮತಿ ಸಿಕ್ಕಿದ್ದು ಜೂನ್ 8ರಿಂದ. ಅಂದರೆ ಈಸ್ಟರಿನ 50 ದಿನವೂ ಬಾಗಿಲು ಮುಚ್ಚಿಯೇ ಇತ್ತು. ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಶಿಷ್ಯರು ಭಯದಿಂದ ಬಾಗಿಲು ಹಾಕಿಕೊಂಡು ಕೂತದ್ದೂ ಈಸ್ಟರ್ ದಿನವೇ. ಆ ವಚನವನ್ನು ಅದಕ್ಕೂ ಮೊದಲು ಎಷ್ಟು ಸಲ ಓದಿ ದಾಟಿಬಿಟ್ಟಿದ್ದೆವು!

ಹೀಗೆ ಬರೆಯುತ್ತಾ ಬಂದವನಿಗೆ ಒಂದು ಕಡೆ ಕೈ ನಿಲ್ಲುತ್ತದೆ. ಪವಿತ್ರ ಶನಿವಾರ. ವೇದಿ ಬರಿದು, ದೀಪವಿಲ್ಲ, ರಾತ್ರಿಯವರೆಗೆ ಆರಾಧನೆಯೂ ಇಲ್ಲ. ಆ ಹಗಲಲ್ಲಿ ನಾವು ಮಾಡುವುದೇನು? ಗುಡಿಸುವುದು, ಹೂ ಕಟ್ಟಿಸುವುದು, ಮೈಕ್ ನೋಡುವುದು. ಸಾವಿನ ಮನೆಯಲ್ಲೂ ಹೀಗೇ. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ಪುನರುತ್ಥಾನದ ವಚನ ಓದಲು ಆತುರ. ನಿಜ ಹೇಳಲಾ? ಆ ಆತುರ ಅವರ ದುಃಖಕ್ಕಾಗಿ ಅಲ್ಲ. ಅವರ ಮೌನದ ಎದುರು ಕೂರಲು ನನಗೆ ಹೆದರಿಕೆ. ಬಾಯಿ ಹಲ್ಲೆಲೂಯ ಹಾಡಿದರೂ ಒಳಗೆ ಶಿಲುಬೆಯ ಶುಕ್ರವಾರ ಮುಗಿಯದ ವರ್ಷಗಳಿವೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನು ಸಭೆಯಲ್ಲಿ ಪೂರ್ತಿ ಓದಿ, ಏನೂ ಸೇರಿಸದೆ ಕೂರುವ ಧೈರ್ಯ ನನಗೆ ಬೇಕು. ಈ ಸಲದ ಪವಿತ್ರ ಶನಿವಾರ ಅದನ್ನೇ ಓದೋಣ, ನೀನು ಅಲ್ಲಿ, ನಾನು ಇಲ್ಲಿ.

ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ. ಇರಲಿ, ಮೇಣದಬತ್ತಿಯ ವಿಷಯಕ್ಕೆ ಬರುತ್ತೇನೆ.

ಈಸ್ಟರ್ ರಾತ್ರಿ ಹೊತ್ತಿಸುವ ದೊಡ್ಡ ಮೇಣದಬತ್ತಿಯನ್ನು ಶೀಟಿನ ಸೂರಿನ ಕೆಳಗೆ ಅಟ್ಟದ ಮೇಲಿಡಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗಿ ಬಾಗುತ್ತದೆ, ಬಾಗಿದ್ದನ್ನು ನೇರ ಮಾಡಹೋದರೆ ಮುರಿಯುತ್ತದೆ. ತಂಪು ಕೋಣೆಯಲ್ಲಿ ಹಲಗೆಯ ಮೇಲೆ ಮಲಗಿಸು. ದುರ್ಗದ ಗಾಳಿಗೆ ಅಂಗಳದಲ್ಲಿ ಹೊತ್ತಿಸುವಾಗ ಲಾಟೀನಿನ ಗಾಜು ಹತ್ತಿರವಿರಲಿ. ದಪ್ಪ ಬತ್ತಿಯನ್ನೇ ತಗೋ, 50 ದಿನ ಬಾಳಬೇಕು. ನಮ್ಮಲ್ಲಿ 40 ದಿನದ ಉಪವಾಸ ಬಿಗಿಯಾಗಿ ನಡೆಯುತ್ತದೆ, 50 ದಿನದ ಹಬ್ಬ ಒಂದೇ ದಿನಕ್ಕೆ ಮುಗಿಯುತ್ತದೆ. ಕ್ರಿ.ಶ. 325ರಲ್ಲಿ ಬಿಷಪರು ಸೇರಿದ್ದ ನೈಸಿಯ ಸಭೆ ಆ 50 ದಿನ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕು ಅಂದಿತ್ತು.

ಈಸ್ಟರ್ ಸೋಮವಾರ ದಾವಣಗೆರೆಗೆ ಬಾ. ಮಂಡಕ್ಕಿ, ಮೆಣಸಿನಕಾಯಿ ಎರಡೂ ನನ್ನ ಲೆಕ್ಕ. ಮತ್ತೆ, ಗರಿ ಹಂಚುವ ಮೊದಲು ಬುಡದ ಮುಳ್ಳು ಕತ್ತರಿಸು. ಯಾಕೆ ಅಂತ ನಿನಗೆ ಗೊತ್ತಲ್ಲ.

ನಿನ್ನ ಗೆಳೆಯ,
ದಾವಣಗೆರೆ